ಗರಡಿಯ ತುಪ್ಪ, ಹೊಲದ ರೊಟ್ಟಿ

ಬೈಲಹೊಂಗಲ, ಸವದತ್ತಿಗಳ ಸೀಮೆಯಲ್ಲಿ ಚಚಡಿ ಎಂಬುದೊಂದು ಊರು. ಸುತ್ತಲೂ ಎರೆಯ ನೆಲ. ಹಿಂಗಾರಿ ಮಳೆ ಕೈಕೊಡದಿದ್ದರೆ ಎಳ್ಳಮಾವಾಸ್ಯೆಯ ಚರಗ ಚೆಲ್ಲುವ ಹೊತ್ತಿಗೆ ಆಳೆತ್ತರದ ಬಿಳಿಜೋಳ ಹೊಲದ ತುಂಬ ನಿಂತಿರುತ್ತದೆ. ಅಂಥದೊಂದು ದಿನ ಆ ಊರಿನ ಪರಿಚಯದ ಮನೆಯೊಂದರಲ್ಲಿ ನಾನು ಊಟಕ್ಕೆ ಕುಳಿತಿದ್ದೆ. ಒಲೆಯ ಮುಂದೆ ಮನೆಯ ತಾಯಿ ರೊಟ್ಟಿ ಬಡಿಯುತ್ತಿದ್ದರು. ಬಿಸಿರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ನನ್ನ ತಾಟಿಗೆ ಬಂದವು. ಪಕ್ಕದಲ್ಲಿ ಕುಳಿತ ಇಪ್ಪತ್ತರ ಹರೆಯದ ಮಗನ ತಾಟಿನಲ್ಲಿ ಮಾತ್ರ ನಾಲ್ಕು ತತ್ತಿ, ಒಂದಿಷ್ಟು ಪನೀರು, ಬಟ್ಟಲಲ್ಲಿ ತುಪ್ಪ. ರೊಟ್ಟಿ ಇರಲಿಲ್ಲ.

“ಮೂರು ವಾರ ಆತ್ರೀ, ರೊಟ್ಟಿ ಮುಟ್ಟಿಲ್ಲ. ಹೇಳಿದ್ರ ಕೇಳಂಗಿಲ್ಲ,” ಎಂದರು ತಾಯಿ. ಹುಡುಗ ಸೈನ್ಯದ ಭರ್ತಿಗೆ ತಯಾರಿ ನಡೆಸಿದ್ದಾನೆ. ದಿನವೂ ಬೆಳಗಿನ ಜಾವ ಎದ್ದು 1,600 ಮೀಟರಿನ ಓಟ ಓಡುತ್ತಾನೆ. “ಇದಕ್ಕ ಕೀಟೋ ಅಂತಾರ್ರೀ ಕಾಕಾ,” ಎಂದು ನನಗೆ ತಿಳಿಸಿ ಹೇಳಿದ. “ಹೊಸದೇನಲ್ಲ. ನಮ್ಮ ಪೈಲವಾನರು ಮೊದಲಿಂದ ಹಾಲು, ತುಪ್ಪ, ಬದಾಮಿ ಮ್ಯಾಲೇ ಇರ್ತಿದ್ರಲ್ಲ? ರೊಟ್ಟಿ ತಿಂದ್ರ ಮೈ ಭಾರ ಆಗತೈತಿ.” ಓಟ ಹೇಗಿದೆ ಎಂದು ಕೇಳಿದೆ. ತುಸು ತಡೆದು ಹೇಳಿದ: “ಮೈ ಹಗರ ಆಗೇತ್ರಿ. ಆದ್ರ ಕಡೀ ಸುತ್ತಿಗೆ ಕಾಲು ಏಳವಲ್ಲವು.”

ಓದುಗರೆ, ಈ ಹುಡುಗನ ಮಾತನ್ನು ನಗೆಯಾಡಿ ಬಿಡುವಂತಿಲ್ಲ. ನಿಮ್ಮ ಊರಿನಲ್ಲಿಯೂ, ಬಹುಶಃ ನಿಮ್ಮ ಮನೆಯಲ್ಲಿಯೂ, ಈ ಚರ್ಚೆ ನಡೆದಿರಬಹುದು. ಬೆವರು ಸುರಿಸಿ ಓಡುವವನಿಗೆ, ಅಖಾಡಕ್ಕೆ ಇಳಿಯುವವನಿಗೆ ಯಾವ ಊಟ ಬಲ ಕೊಡುತ್ತದೆ? ರೊಟ್ಟಿಯೋ, ತುಪ್ಪವೋ, ಮಾಂಸವೋ? ಈ ಪ್ರಶ್ನೆಗೆ ನೂರೆಂಬತ್ತು ವರ್ಷಗಳಿಗೂ ಮಿಕ್ಕಿದ ಶಾಸ್ತ್ರೀಯ ಚರಿತ್ರೆಯಿದೆ. ನಮ್ಮ ನಾಡಿನ ಮಟ್ಟಿಗೆ ಹೇಳುವುದಾದರೆ ಒಂಬೈನೂರು ವರ್ಷಗಳದು. ಆ ಚರಿತ್ರೆಯನ್ನು ಒಂದಿಷ್ಟು ತಿರುವಿ ಹಾಕಿದರೆ ಹುಡುಗನ ಮಾತಿನಲ್ಲಿ ನಿಜವೆಷ್ಟು, ತಪ್ಪೆಷ್ಟು ಎಂಬುದು ತಾನಾಗಿ ತಿಳಿದೀತು.

ಮೊದಲು ಈ ಪಥ್ಯದ ಸ್ವರೂಪವನ್ನು ನೋಡೋಣ. ನಾವು ಉಣ್ಣುವ ಅನ್ನದಲ್ಲಿ ಶಕ್ತಿ ಕೊಡುವ ಪದಾರ್ಥಗಳು ಮುಖ್ಯವಾಗಿ ಮೂರು: ಜೋಳ, ಅಕ್ಕಿ, ಗೋದಿ, ಬೆಲ್ಲಗಳಲ್ಲಿರುವ ಶರ್ಕರಪಿಷ್ಟ, ಎಂದರೆ ಕಾರ್ಬೋಹೈಡ್ರೇಟು, ಬೇಳೆ, ತತ್ತಿ, ಮಾಂಸಗಳಲ್ಲಿ ಹೆಚ್ಚಾಗಿರುವ ಸಸಾರಜನಕ, ಎಂದರೆ ಪ್ರೋಟೀನು, ಎಣ್ಣೆ, ಬೆಣ್ಣೆ, ತುಪ್ಪಗಳ ರೂಪದ ಕೊಬ್ಬು. ಕೀಟೋ ಪಥ್ಯದಲ್ಲಿ ಶರ್ಕರಪಿಷ್ಟವನ್ನು ದಿನಕ್ಕೆ 50 ಗ್ರಾಮಿಗಿಂತ ಕೆಳಗೆ ಇಳಿಸುತ್ತಾರೆ. ಶಕ್ತಿಯ ಮುಕ್ಕಾಲು ಪಾಲು ಕೊಬ್ಬಿನಿಂದಲೇ ಬರಬೇಕು. ಹೀಗೆ ಕೆಲವು ದಿನ ಕಳೆದರೆ ಯಕೃತ್ತು ಕೊಬ್ಬನ್ನು ಒಡೆದು ಕೀಟೋನು ಎಂಬ ಪದಾರ್ಥಗಳನ್ನು ಹೆಚ್ಚು ಹೆಚ್ಚಾಗಿ ತಯಾರಿಸತೊಡಗುತ್ತದೆ. ಸಾಮಾನ್ಯವಾಗಿ ಸಕ್ಕರೆಯನ್ನೇ ಬೇಡುವ ಮಿದುಳು ಕೂಡ ಆಗ ಬಹುಪಾಲು ಇವುಗಳಿಂದ ಕಾಲ ನೂಕುತ್ತದೆ. ಬರಗಾಲದಲ್ಲಿ, ದೀರ್ಘ ಉಪವಾಸದಲ್ಲಿ ಜೀವ ಉಳಿಸಲೆಂದು ದೇಹ ಇಟ್ಟುಕೊಂಡ ವ್ಯವಸ್ಥೆ ಇದು. ಅದನ್ನೇ ಊಟದ ಮೂಲಕ ಎಬ್ಬಿಸುವುದು ಕೀಟೋ ಪಥ್ಯದ ಉಪಾಯ.

ಈಗ ಪೈಲವಾನರ ಮಾತಿಗೆ ಬರೋಣ. ಬೆಳಗಾವಿ, ಧಾರವಾಡ ಸೀಮೆಯ ಹಳೆಯ ಊರುಗಳಲ್ಲಿ ಗರಡಿಮನೆ ಎಂದರೆ ಗುಡಿಯಷ್ಟೇ ಭಕ್ತಿಯ ಜಾಗ. ಗೋಡೆಯ ಗೂಡಿನಲ್ಲಿ ಹನುಮಂತ, ಕೆಳಗೆ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದಮಾಡಿದ ಕೆಮ್ಮಣ್ಣು. ಬೆಳಗಿನ ಜಾವದಲ್ಲಿ ದಂಡ, ಬೈಠಕ್, ಜೋರು. ಕೊಲ್ಲಾಪುರದಲ್ಲಿ 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು ಮಲ್ಲವಿದ್ಯೆಗೆ ದೊಡ್ಡ ಆಶ್ರಯದಾತರಾಗಿದ್ದರು. ಅವರು ಕಟ್ಟಿಸಿದ ಖಾಸಬಾಗ ಮೈದಾನದ ಹೆಸರು ಈ ಕಡೆಯ ಪೈಲವಾನರಿಗೂ ಯಾತ್ರಾಸ್ಥಳದಂತೆ. ಪೈಲವಾನನ ಊಟಕ್ಕೆ ಬೇರೆಯೇ ಹೆಸರು: ಖುರಾಕು. ಹಾಲು, ತುಪ್ಪ, ನೆನೆಯಿಟ್ಟು ಅರೆದ ಬದಾಮಿ, ಗಸಗಸೆ ಹಾಕಿದ ಥಂಡಾಯಿ; ಉಣ್ಣುವ ರೂಢಿ ಇದ್ದವರಿಗೆ ತತ್ತಿ, ಮಟನ್ನು. ಇದು ಬಡವರಿಗೆ ನಿಲುಕುವ ಮಾತಲ್ಲ. ಆದುದರಿಂದಲೇ ಹಿಂದೆ ಅರಸರು, ದೇಸಾಯಿ, ಇನಾಮದಾರರು ಪೈಲವಾನರನ್ನು ಸಾಕುತ್ತಿದ್ದರು. ಊರ ಜನ ಕೂಡ ತಮ್ಮ ಪೈಲವಾನನಿಗೆಂದು ಹಾಲು ಕೊಡುವುದಿತ್ತು.

ಈ ಪದ್ಧತಿಗೆ ಬಹಳ ಹಳೆಯ ಲಿಖಿತ ಸಾಕ್ಷಿ ನಮ್ಮ ನಾಡಿನಲ್ಲೇ ದೊರೆಯುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಸವದತ್ತಿಯಿಂದ ಆಳುತ್ತಿದ್ದ ರಟ್ಟರು ಆ ಚಾಲುಕ್ಯರ ಮಾಂಡಲಿಕರು ಎಂಬುದನ್ನು ನೆನೆದರೆ ಚಚಡಿಯ ಸೀಮೆಗೂ ಆ ಗ್ರಂಥ ಪರಕೀಯವಲ್ಲ. ಅದರ ಮಲ್ಲವಿನೋದವೆಂಬ ಭಾಗದಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ವಿಂಗಡಿಸುವ ಬಗೆಯೂ, ಅವರ ಸಾಧನೆಯ ಕ್ರಮವೂ, ಅರಸನು ಅವರಿಗೆ ಒದಗಿಸಬೇಕಾದ ಆಹಾರವೂ ಹೇಳಲ್ಪಟ್ಟಿವೆ. ಆ ಪಟ್ಟಿಯಲ್ಲಿ ಮಾಂಸವಿದೆ, ಹಾಲಿದೆ. ಅವುಗಳ ಜೊತೆಗೆ ಬೇಳೆಕಾಳುಗಳಿವೆ, ಸಕ್ಕರೆಯಿದೆ, ಸಿಹಿ ಭಕ್ಷ್ಯಗಳಿವೆ!

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಿ ನೋಡಿ. ಒಂದು ಲೀಟರು ಹಾಲಿನಲ್ಲಿ, ಅದು ಎಮ್ಮೆಯದಾಗಲಿ ಆಕಳದಾಗಲಿ, ಹಾಲಿಗೆ ಸಹಜವಾದ ಸಕ್ಕರೆಯೇ 45ರಿಂದ 50 ಗ್ರಾಂ ಇರುತ್ತದೆ. ಎಂದರೆ ಕೀಟೋ ಪಥ್ಯದವನ ಇಡೀ ದಿನದ ಮಿತಿ ಒಂದೇ ಲೀಟರು ಹಾಲಿಗೆ ಮುಗಿಯಿತು. ಮೂರು ಲೀಟರು ಹಾಲು ಕುಡಿಯುವ ಪೈಲವಾನ ಥಂಡಾಯಿಗೆ ಹಾಕಿದ ಸಕ್ಕರೆಯನ್ನು ಬಿಟ್ಟೂ ನೂರೈವತ್ತು ಗ್ರಾಮಿನ ಹತ್ತಿರ ಹೋದ. ಅದರ ಮೇಲೆ ಅವನು ರೊಟ್ಟಿಯನ್ನೋ ಚಪಾತಿಯನ್ನೋ ಉಣ್ಣದೆ ಏಳುವವನಲ್ಲ. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟವೂ 10 ಗ್ರಾಂ ಸಸಾರಜನಕವೂ ಇರುತ್ತವೆ. ಆದುದರಿಂದ ಗರಡಿಯ ಖುರಾಕು ತುಪ್ಪದ ಊಟವೆಂಬುದು ನಿಜ. ಕೀಟೋ ಊಟವೆಂಬುದು ಮಾತ್ರ ನಿಜವಲ್ಲ. ನಮ್ಮ ಹಿರಿಯರು ರೊಟ್ಟಿಯ ಮೇಲೆ ತುಪ್ಪ ಹಾಕಿಕೊಂಡರೇ ಹೊರತು ರೊಟ್ಟಿಯನ್ನು ತೆಗೆದಿಟ್ಟು ತುಪ್ಪ ಕುಡಿಯಲಿಲ್ಲ.

ಹಾಗಾದರೆ ಮಾಂಸಖಂಡವು ದುಡಿಯುವಾಗ ಉರಿಸುವುದು ಏನನ್ನು? ಈ ಪ್ರಶ್ನೆಯನ್ನು ಯೂರೋಪಿನ ಪಂಡಿತರು ಹತ್ತೊಂಬತ್ತನೆಯ ಶತಮಾನದಲ್ಲಿ ಕೈಗೆತ್ತಿಕೊಂಡರು. 1842ರಲ್ಲಿ ಜರ್ಮನಿಯ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಲೀಬಿಗ್, ದುಡಿಮೆಯಲ್ಲಿ ಮಾಂಸಖಂಡದ ಸಸಾರಜನಕವೇ ಸವೆಯುತ್ತದೆಂದು ಬರೆದ. ದುಡಿಯುವವನು ಮಾಂಸ ತಿನ್ನಲೇಬೇಕೆಂಬುದು ಅದರಿಂದ ಹೊರಟ ತೀರ್ಮಾನ. ಅವನ ಹೆಸರಿನ ಭಾರಕ್ಕೆ ಎದುರಾಡುವವರು ಕಡಿಮೆ.

1865ರ ಆಗಸ್ಟಿನಲ್ಲಿ ಫಿಕ್ ಮತ್ತು ವಿಸ್ಲಿಸೇನಸ್ ಎಂಬ ಜೂರಿಕ್ಕಿನ ಇಬ್ಬರು ಪ್ರಾಧ್ಯಾಪಕರು ಇದನ್ನು ತಮ್ಮ ಮೈಮೇಲೆಯೇ ಪರೀಕ್ಷಿಸಿದರು. ಸ್ವಿಟ್ಜರ್ಲೆಂಡಿನ ಬ್ರಿಯೆಂಟ್ಸ್ ಸರೋವರದ ದಡದಿಂದ ಫಾಲ್‌ಹಾರ್ನ್ ಎಂಬ ಬೆಟ್ಟವನ್ನು, ಸುಮಾರು 1,950 ಮೀಟರಿನಷ್ಟು ಎತ್ತರ, ಹತ್ತಿ ಹೋದರು. ಹಿಂದಿನ ಮಧ್ಯಾಹ್ನದಿಂದ ಅವರು ತಿಂದದ್ದು ಕೊಬ್ಬಿನಲ್ಲಿ ಕರಿದ ಪಿಷ್ಟದ ಬಿಲ್ಲೆ, ಕುಡಿದದ್ದು ಸಕ್ಕರೆ ಹಾಕಿದ ಚಹ, ಸಸಾರಜನಕವನ್ನು ಮುಟ್ಟಲಿಲ್ಲ. ದಾರಿಯುದ್ದಕ್ಕೂ ತಮ್ಮ ಮೂತ್ರವನ್ನು ಸಂಗ್ರಹಿಸಿ ಅದರಲ್ಲಿಯ ಸಾರಜನಕವನ್ನು ಅಳೆದರು. ಸವೆದ ಸಸಾರಜನಕದಿಂದ ಅಷ್ಟು ದೊಡ್ಡ ಬೆಟ್ಟವನ್ನು ಹತ್ತುವ ಶಕ್ತಿ ಹುಟ್ಟಲು ಸಾಧ್ಯವೇ ಇಲ್ಲವೆಂದು ಲೆಕ್ಕ ತೋರಿಸಿತು. ಸಸಾರಜನಕ ಮೈಯನ್ನು ಕಟ್ಟುತ್ತದೆ, ಸವೆದದ್ದನ್ನು ರಿಪೇರಿ ಮಾಡುತ್ತದೆ. ದುಡಿಮೆಯ ಸೌದೆ ಮುಖ್ಯವಾಗಿ ಬೇರೆಯದೇ. ಆ ಸೌದೆ ಪಿಷ್ಟವೋ ಕೊಬ್ಬೋ ಎಂಬ ಪ್ರಶ್ನೆ ಉಳಿಯಿತು.

ಈ ವ್ಯಾಜ್ಯದಲ್ಲಿ ಕೊಬ್ಬಿನ ಪಕ್ಷದ ವಕಾಲತ್ತನ್ನೂ ಕೇಳುವುದು ನ್ಯಾಯ. 1878ರಿಂದ 1880ರವರೆಗೆ ಅಮೆರಿಕದ ಸೈನ್ಯಾಧಿಕಾರಿ ಶ್ವಾಟ್ಕ ಉತ್ತರ ಧ್ರುವದ ಕಡೆಯ ಹಿಮಪ್ರದೇಶದಲ್ಲಿ ಇನ್ಯೂಟ್ ಜನರ ಜೊತೆ 3,000 ಮೈಲಿಗೂ ಮಿಕ್ಕಿ ಸಂಚರಿಸಿದ. ಒಯ್ದ ದಿನಸಿ ತೀರಿದ ಮೇಲೆ ಬೇಟೆಯ ಮಾಂಸ, ಕೊಬ್ಬುಗಳೇ ಊಟ. ಮೊದಮೊದಲು ಇಂಥ ಊಟದಿಂದ ನಿಶ್ಶಕ್ತಿ ಎನಿಸುತ್ತದೆ, ಎರಡು ಮೂರು ವಾರ ಕಳೆದರೆ ಹೊಂದಿಕೊಳ್ಳುತ್ತದೆ ಎಂದು ಅವನು ಗುರುತು ಹಾಕಿಕೊಂಡ. 1928ರಲ್ಲಿ ಸ್ಟೆಫಾನ್ಸನ್ ಎಂಬ ಇನ್ನೊಬ್ಬ ಧ್ರುವಯಾತ್ರಿಕ ತನ್ನ ಸಂಗಾತಿಯೊಡನೆ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರ ಕಣ್ಗಾವಲಿಗೆ ಒಳಗಾಗಿ ಒಂದು ವರ್ಷ ಕೇವಲ ಮಾಂಸ, ಕೊಬ್ಬು ತಿಂದು ಬದುಕಿ ತೋರಿಸಿದ. ದೇಹ ಕೊಬ್ಬಿನಿಂದ ನಡೆಯಬಲ್ಲದು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಹಿಮದ ಬಂಡಿಯ ಹಿಂದೆ ದಿನಗಟ್ಟಲೆ ನಿಧಾನವಾಗಿ ನಡೆಯುವುದು ಒಂದು ಕೆಲಸ. ಆರು ನಿಮಿಷ ಉಸಿರು ಬಿಗಿಹಿಡಿದು ಓಡುವುದು ಮತ್ತೊಂದು ಕೆಲಸ.

ಕೀಟೋ ಪಥ್ಯವೆಂಬ ಹೆಸರು ಹುಟ್ಟಿದ್ದಾದರೂ ಓಟದ ಮೈದಾನದಲ್ಲಲ್ಲ, ಆಸ್ಪತ್ರೆಯಲ್ಲಿ. 1921ರಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದ ವೈಲ್ಡರ್ ಎಂಬ ವೈದ್ಯ ಅಪಸ್ಮಾರಕ್ಕೆ, ನಮ್ಮ ಕಡೆ ಮೂರ್ಛೆರೋಗ ಎನ್ನುವ ಬೇನೆಗೆ, ಈ ಪಥ್ಯವನ್ನು ಸೂಚಿಸಿದ. ಉಪವಾಸವಿದ್ದಾಗ ಕೆಲವರಿಗೆ ಮೂರ್ಛೆ ಕಡಿಮೆಯಾಗುವುದನ್ನು ಕಂಡು, ಉಪವಾಸವಿಲ್ಲದೆ ಉಪವಾಸದ ಸ್ಥಿತಿಯನ್ನು ತರಲು ಹೂಡಿದ ಉಪಾಯ ಅದು. ಔಷಧಕ್ಕೆ ಮಣಿಯದ ಅಪಸ್ಮಾರವಿರುವ ಮಕ್ಕಳಿಗೆ ವೈದ್ಯರ ಉಸ್ತುವಾರಿಯಲ್ಲಿ ಇಂದಿಗೂ ಇದನ್ನು ಕೊಡುತ್ತಾರೆ. ಚಿಕಿತ್ಸೆಯಾಗಿ ಅದರ ಬೆಲೆಯನ್ನು ಯಾರೂ ಅಲ್ಲಗಳೆಯುವುದಿಲ್ಲ.

ಇನ್ನು 1920ನೆಯ ಇಸವಿಗೆ ಬನ್ನಿ. ನಮ್ಮ ಬೆಳಗಾವಿಗೆ ಈ ಕಥೆಯಲ್ಲಿ ಸ್ಥಾನ ಸಿಗುವುದು ಇಲ್ಲಿ. ಅದರ ಹಿಂದಿನ ವರ್ಷ ಪುಣೆಯ ಡೆಕ್ಕನ್ ಜಿಮಖಾನಾದ ಪಂದ್ಯಗಳಲ್ಲಿ ಹಳ್ಳಿಯ ಒಕ್ಕಲ ಮಕ್ಕಳು ಬರಿಗಾಲಲ್ಲಿ ದೂರದ ಓಟ ಓಡುವುದನ್ನು ಸರ್ ದೊರಾಬ್ಜಿ ಟಾಟಾ ಕಂಡರು. ಈ ಹುಡುಗರನ್ನು ಒಲಿಂಪಿಕ್ಕಿಗೇಕೆ ಕಳಿಸಬಾರದು ಎಂಬ ಯೋಚನೆ ಅವರಿಗೆ ಬಂದಿತು. ಹಾಗೆ ಬೆಲ್ಜಿಯಮ್ಮಿನ ಆಂಟ್ವರ್ಪಿಗೆ ಹೋದ ಸಣ್ಣ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಆ ವರ್ಷದ ಮ್ಯಾರಥಾನ್ ಓಟದ ದೂರ 42.75 ಕಿಲೋಮೀಟರು; ಒಲಿಂಪಿಕ್ ಚರಿತ್ರೆಯಲ್ಲೇ ಅದಕ್ಕಿಂತ ಉದ್ದದ ಮ್ಯಾರಥಾನ್ ಆಗಿಲ್ಲ. ಫಿನ್‌ಲೆಂಡಿನ ಕೋಲೆಮೈನೆನ್ 2 ಗಂಟೆ 32 ನಿಮಿಷಗಳಲ್ಲಿ ಗೆದ್ದರು. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಡಿ ಹತ್ತೊಂಬತ್ತನೆಯವರಾಗಿ ಮುಟ್ಟಿದರು. ಅದೇ ತಂಡದ ಕುಸ್ತಿಪಟು ರಣಧೀರ್ ಶಿಂದೆ ತಮ್ಮ ತೂಕದ ವರ್ಗದಲ್ಲಿ ನಾಲ್ಕನೆಯವರಾದರು. ಹೀಗೆ ಭಾರತದ ಆ ಮೊದಲ ತಂಡದಲ್ಲಿಯೇ ಓಟಗಾರನೂ ಇದ್ದ, ಪೈಲವಾನನೂ ಇದ್ದ.

ಅದೇ ವರ್ಷ ಅಲ್ಲಿಂದ ಉತ್ತರಕ್ಕೆ, ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ, ಕ್ರೋಗ್ ಮತ್ತು ಲಿಂಡ್‌ಹಾರ್ಡ್ ಎಂಬ ಶಾಸ್ತ್ರಜ್ಞರು ತಮ್ಮ ಪ್ರಯೋಗವನ್ನು ಪ್ರಕಟಿಸಿದರು. ಒಂದೆಡೆ ನಿಂತೇ ತುಳಿಯುವ ಸೈಕಲ್ಲಿನ ಮೇಲೆ ಜನರನ್ನು ಕೂರಿಸಿ, ಕೆಲವು ದಿನ ಕೊಬ್ಬಿನ ಊಟ, ಕೆಲವು ದಿನ ಪಿಷ್ಟದ ಊಟ ಕೊಟ್ಟು, ಅವರ ಉಸಿರನ್ನು ಅಳೆದರು. ಅಷ್ಟೇ ಕೆಲಸಕ್ಕೆ ಕೊಬ್ಬನ್ನು ಉರಿಸುವಾಗ ಸುಮಾರು ಹತ್ತರಲ್ಲಿ ಒಂದು ಪಾಲು ಹೆಚ್ಚು ಶಕ್ತಿ ವೆಚ್ಚವಾಗುತ್ತಿತ್ತು. ಕೊಬ್ಬಿನ ಊಟದವರು ಬೇಗ ದಣಿಯುತ್ತಿದ್ದರು. ಕ್ರೋಗರಿಗೆ ಅದೇ 1920ರಲ್ಲಿ, ಸೂಕ್ಷ್ಮ ರಕ್ತನಾಳಗಳ ಮೇಲಿನ ಬೇರೊಂದು ಕಾರ್ಯಕ್ಕಾಗಿ, ನೊಬೆಲ್ ಬಹುಮಾನ ಬಂದಿತು.

ನಾಲ್ಕು ವರ್ಷಗಳ ತರುವಾಯ ಅಮೆರಿಕದ ಬಾಸ್ಟನ್ನಿನ ಮ್ಯಾರಥಾನಿನಲ್ಲಿ ವೈದ್ಯರು ಓಟದ ಗೆರೆಯ ಬಳಿ ಕಾದಿದ್ದು ಓಟಗಾರರ ರಕ್ತವನ್ನು ಪರೀಕ್ಷಿಸಿದರು. ತೀರ ಬಳಲಿ ಬಂದವರ ರಕ್ತದಲ್ಲಿ ಸಕ್ಕರೆ ಬಹಳ ಇಳಿದಿತ್ತು. ಮರುವರ್ಷ ಓಡುವವರಿಗೆ ಪಿಷ್ಟವುಳ್ಳ ಊಟವನ್ನೂ, ದಾರಿಯಲ್ಲಿ ಮಿಠಾಯಿಯನ್ನೂ ಕೊಟ್ಟು ನೋಡಿದರು. ಮುಟ್ಟಿದಾಗ ಅವರ ಸ್ಥಿತಿ ಎಷ್ಟೋ ಮೇಲಾಗಿತ್ತು. ಹೊಲದ ಕೆಲಸದ ನಡುವೆ ಬೆಲ್ಲದ ಚೂರು ಬಾಯಿಗೆ ಹಾಕಿ ನೀರು ಕುಡಿಯುವ ನಮ್ಮ ಒಕ್ಕಲಿಗನಿಗೆ ಈ ಸಂಗತಿ ಅಚ್ಚರಿ ತರಲಾರದು.

ಆಮೇಲಿನ ಎರಡು ಪ್ರಯೋಗಗಳು ಈ ವಿಚಾರದಲ್ಲಿ ಮೈಲುಗಲ್ಲುಗಳು. 1939ರಲ್ಲಿ ಕ್ರಿಸ್ಟೆನ್‌ಸೆನ್, ಹಾನ್‌ಸೆನ್ ಎಂಬವರು ಒಂದೇ ಕೆಲಸವನ್ನು ಬೇರೆ ಬೇರೆ ಊಟದ ಮೇಲೆ ಮಾಡಿಸಿದಾಗ, ಕೊಬ್ಬಿನ ಊಟದವರು ಸುಮಾರು ಒಂದೂವರೆ ಗಂಟೆಗೆ ಸೋತರೆ ಪಿಷ್ಟದ ಊಟದವರು ಮೂರೂವರೆ ಗಂಟೆ ಎಳೆದರು. ಕಾರಣ ತಿಳಿಯಲು ಇನ್ನೂ ಇಪ್ಪತ್ತೆಂಟು ವರ್ಷ ಬೇಕಾಯಿತು. ಪ್ರಾಣಿಗಳ ಯಕೃತ್ತಿನಲ್ಲಿ ಗ್ಲೈಕೊಜನ್ ಎಂಬ ಪಿಷ್ಟ ಶೇಖರವಾಗಿರುವುದನ್ನು ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್ 1857ರ ಸುಮಾರಿಗೇ ಕಂಡಿದ್ದ. ಮಾಂಸಖಂಡಗಳಲ್ಲಿಯೂ ಅದೇ ದಾಸ್ತಾನಿದೆ. 1960ರ ದಶಕದಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರೋಮ್ ಮೊದಲಾದವರು ಸೂಜಿಯಂಥ ಒಂದು ಉಪಕರಣದಿಂದ ಮನುಷ್ಯನ ತೊಡೆಯ ಮಾಂಸಖಂಡದ ಚೂರನ್ನು ತೆಗೆದು ಈ ದಾಸ್ತಾನನ್ನು ನೇರವಾಗಿ ಅಳೆದರು. 1967ರಲ್ಲಿ ಅವರು ಪ್ರಕಟಿಸಿದ ಅಂಕಿಗಳು ಇವು: ಒಂದೇ ಭಾರದ ಸೈಕಲ್ ತುಳಿತದಲ್ಲಿ ಕೊಬ್ಬು ಮತ್ತು ಸಸಾರಜನಕದ ಊಟದ ಮೇಲೆ 57 ನಿಮಿಷ, ಸಾಮಾನ್ಯ ಊಟದ ಮೇಲೆ 114 ನಿಮಿಷ, ಪಿಷ್ಟ ತುಂಬಿದ ಊಟದ ಮೇಲೆ 167 ನಿಮಿಷ. ತೊಡೆಯಲ್ಲಿ ಗ್ಲೈಕೊಜನ್ ಎಷ್ಟು ತುಂಬಿತ್ತೋ ಅಷ್ಟು ಹೊತ್ತು ಮನುಷ್ಯ ತಾಳಿದ.

ನೀವು ಕೇಳಬಹುದು: ಇದೆಲ್ಲ ಕೆಲವೇ ದಿನಗಳ ಪಥ್ಯವಲ್ಲವೆ? ಶ್ವಾಟ್ಕ ಹೇಳಿದಂತೆ ದೇಹಕ್ಕೆ ಹೊಂದಿಕೊಳ್ಳಲು ಸಮಯ ಕೊಟ್ಟಿದ್ದರೆ? ಈ ಆಕ್ಷೇಪ ನ್ಯಾಯವಾದದ್ದೇ. ಅದನ್ನೇ ಹಿಡಿದು ಅಮೆರಿಕದ ಫಿನ್ನಿ 1983ರಲ್ಲಿ ನುರಿತ ಐವರು ಸೈಕಲ್ ಸವಾರರಿಗೆ ನಾಲ್ಕು ವಾರ ಕೀಟೋ ಪಥ್ಯ ಮಾಡಿಸಿದರು. ಮಧ್ಯಮ ವೇಗದ ತುಳಿತದಲ್ಲಿ ಮೊದಲು ಸರಾಸರಿ 147 ನಿಮಿಷ ತಾಳಿದವರು ನಾಲ್ಕು ವಾರಗಳ ನಂತರ 151 ನಿಮಿಷ ತಾಳಿದರು. ಎಂದರೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಐವರಲ್ಲಿ ಎಲ್ಲರೂ ಒಂದೇ ಬಗೆಯಾಗಿರಲಿಲ್ಲವೆಂಬುದನ್ನೂ, ರಭಸದ ಪರೀಕ್ಷೆ ಇದಾಗಿರಲಿಲ್ಲವೆಂಬುದನ್ನೂ ಮರೆಯಬಾರದು. 2016ರಲ್ಲಿ ವೋಲೆಕ್ ಮತ್ತು ಸಂಗಡಿಗರು ಅತಿದೂರ ಓಡುವ ಇಪ್ಪತ್ತು ಮಂದಿಯನ್ನು ಪರೀಕ್ಷಿಸಿದರು. ಬಹುಕಾಲ ಪಿಷ್ಟ ಬಿಟ್ಟವರು ನಿಮಿಷಕ್ಕೆ ಒಂದೂವರೆ ಗ್ರಾಮಿನಷ್ಟು ಕೊಬ್ಬನ್ನು ಉರಿಸಬಲ್ಲವರಾಗಿದ್ದರು. ಉಳಿದವರು ಅದರ ಅರ್ಧಕ್ಕೂ ಕಡಿಮೆ. ಹೊಂದಾಣಿಕೆ ನಿಜವೆಂದು ಇದರಿಂದ ಸಿದ್ಧವಾಯಿತು.

ಆದರೆ ಕೊಬ್ಬನ್ನು ಹೆಚ್ಚು ಉರಿಸುವುದು ಬೇರೆ, ಬೇಗ ಗುರಿ ಮುಟ್ಟುವುದು ಬೇರೆ. ಇದನ್ನು ಆಸ್ಟ್ರೇಲಿಯದ ಲೂಯೀಸ್ ಬರ್ಕ್ ಮತ್ತು ಸಂಗಡಿಗರು 2017ರಲ್ಲಿ ಸ್ಪಷ್ಟಪಡಿಸಿದರು. ಜಗತ್ತಿನ ಶ್ರೇಷ್ಠ ನಡಿಗೆ ಪಟುಗಳನ್ನು ಕೂಡಿಸಿ ಮೂರು ವಾರ ಕಠಿಣ ತರಬೇತಿ ಕೊಟ್ಟರು. ಕೆಲವರಿಗೆ ಸದಾ ಪಿಷ್ಟ ತುಂಬಿದ ಊಟ, ಕೆಲವರಿಗೆ ಪಿಷ್ಟವನ್ನು ಹೊತ್ತು ನೋಡಿ ಹಂಚಿದ ಊಟ, ಕೆಲವರಿಗೆ ಕೀಟೋ. ಮೊದಲ ಎರಡು ಗುಂಪಿನವರು 10 ಕಿಲೋಮೀಟರಿನ ಸ್ಪರ್ಧೆಯಲ್ಲಿ ನೂರಕ್ಕೆ 6.6 ಮತ್ತು 5.3ರಷ್ಟು ಮುಂದೆ ಬಂದರು. ಕೀಟೋ ಗುಂಪಿನವರು ಅಷ್ಟೇ ತರಬೇತಿ ಪಡೆದೂ ಮುಂದೆ ಬರಲಿಲ್ಲ. 2020ರಲ್ಲಿ ಪ್ರಯೋಗವನ್ನು ಪುನಃ ಮಾಡಿದಾಗಲೂ ಫಲ ಬೇರೆಯಾಗಲಿಲ್ಲ.

ಕಾರಣವೇನೆಂದರೆ ಉಸಿರು. ಒಂದು ಲೀಟರು ಆಮ್ಲಜನಕದಿಂದ ಶರ್ಕರಪಿಷ್ಟವನ್ನು ಉರಿಸಿದರೆ ಸುಮಾರು 5 ಕಿಲೋಕ್ಯಾಲೊರಿ ಶಕ್ತಿ ಹುಟ್ಟುತ್ತದೆ. ಕೊಬ್ಬನ್ನು ಉರಿಸಿದರೆ 4.7. ತೂಕಕ್ಕೆ ತೂಕ ನೋಡಿದರೆ ಕೊಬ್ಬು ಪಿಷ್ಟದ ಎರಡು ಪಟ್ಟಿಗೂ ಮಿಕ್ಕಿ ಶಕ್ತಿಯುಳ್ಳದ್ದು, ಸರಿ. ಆದರೆ ಉಸಿರಿಗೆ ಉಸಿರು ನೋಡಿದರೆ ಪಿಷ್ಟವೇ ಮೇಲು. ಸಾವಕಾಶವಾಗಿ ನಡೆಯುವವನಿಗೆ ಉಸಿರಿನ ಕೊರತೆಯಿಲ್ಲ, ಕೊಬ್ಬು ಸಾಕು. ಏದುಸಿರು ಬಿಡುವವನಿಗೆ ಉಸಿರೇ ಬಂಡವಾಳ. ಇನ್ನೂ ಒಂದು ಮಾತು: ಉಸಿರು ಸಾಲದೆ ಹೋದ ಕ್ಷಣದಲ್ಲಿ, ಎಂದರೆ ಓಟದ ಕೊನೆಯ ಸುತ್ತಿನಲ್ಲಿ, ಕುಸ್ತಿಯ ಪಟ್ಟು ಹಾಕಿ ಎತ್ತುವ ಗಳಿಗೆಯಲ್ಲಿ, ಸಂಗ್ರಾಣಿ ಕಲ್ಲನ್ನು ಹೆಗಲಿಗೆ ಏರಿಸುವಾಗ, ಆಮ್ಲಜನಕವಿಲ್ಲದೆ ಉರಿಯಬಲ್ಲ ಸೌದೆ ಸಕ್ಕರೆಯೊಂದೇ. ಕೊಬ್ಬಿಗೆ ಆ ಸಾಮರ್ಥ್ಯವಿಲ್ಲ. ಮನೆಯ ಒಲೆಯನ್ನೇ ನೆನೆಯಿರಿ: ಕುಳ್ಳು ಮಂದವಾಗಿ ಬಹಳ ಹೊತ್ತು ಉರಿಯುತ್ತದೆ, ಹಾಲು ಕಾಯಿಸಲು ಅದು ಒಳ್ಳೆಯದು, ರೊಟ್ಟಿ ಬೇಯಿಸಲು ಭುಗಿಲೆನ್ನುವ ಕಟ್ಟಿಗೆಯೇ ಬೇಕು. ಮೈಯಲ್ಲಿ ಕೊಬ್ಬು ಕುಳ್ಳು, ಗ್ಲೈಕೊಜನ್ ಕಟ್ಟಿಗೆ.

ಕಟ್ಟಿಗೆಯ ದಾಸ್ತಾನು ಮಾತ್ರ ಸಣ್ಣದು. ಸಾಧಾರಣ ಮನುಷ್ಯನ ಮೈಯಲ್ಲಿ ಗ್ಲೈಕೊಜನ್ ಸುಮಾರು 400ರಿಂದ 500 ಗ್ರಾಂ. ಅದನ್ನು ದಿನ ದಿನ ತುಂಬಿಕೊಡುವವಳು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ತಾಯಿ. ಆ ದಾಸ್ತಾನು ಖಾಲಿಯಾದರೆ ಅದರ ಜೊತೆಗಿನ ನೀರೂ ಹೊರಟುಹೋಗುತ್ತದೆ. ಹಾಗಾಗಿಯೇ ಕೀಟೋ ಹಿಡಿದ ಮೊದಲ ವಾರಗಳಲ್ಲಿ ತಕ್ಕಡಿ ಇಳಿಯುತ್ತದೆ, ಮೈ ಹಗುರವಾದಂತೆ ಎನಿಸುತ್ತದೆ. ಚಚಡಿಯ ಹುಡುಗ ಹೇಳಿದ ಎರಡು ಮಾತುಗಳೂ, ಮೈ ಹಗುರಾದದ್ದು ಮತ್ತು ಕಾಲು ಏಳದಿದ್ದದ್ದು, ಹೀಗೆ ಒಂದೇ ಕಾರಣದ ಎರಡು ಫಲಗಳು. ಅವನ ಮೈ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದರ ಅರ್ಧವನ್ನು ಮಾತ್ರ ಅವನು ಕೇಳಿಸಿಕೊಂಡಿದ್ದ.

ಇದರಿಂದ ತುಪ್ಪ ಕೆಟ್ಟದ್ದು, ತತ್ತಿ ಬೇಡ ಎಂದು ಯಾರೂ ಅರ್ಥಮಾಡಬಾರದು. ಬೆಳೆಯುವ, ಬೆವರುವ ಮೈಗೆ ಸಸಾರಜನಕ ಬೇಕೇ ಬೇಕು. ನಮ್ಮ ಎಷ್ಟೋ ಮನೆಗಳ ಊಟದಲ್ಲಿ ಅದು ಕಡಿಮೆಯೇ ಇದೆ. ರೊಟ್ಟಿಯ ಜೊತೆಗೆ ಬೇಳೆ, ಮಡಿಕೆಕಾಳು, ಶೇಂಗಾ, ಮೊಸರು, ಒಗ್ಗುವವರಿಗೆ ತತ್ತಿ ಸೇರಿದರೆ ಖುರಾಕು ಪೂರ್ಣವಾಗುತ್ತದೆ. ದೇಹದ ತೂಕ ಇಳಿಸಬೇಕಾದವರಿಗೆ, ಸಕ್ಕರೆ ಬೇನೆಯವರಿಗೆ ಪಿಷ್ಟವನ್ನು ಕಡಿಮೆ ಮಾಡುವುದು ಉಪಯೋಗವಾಗಬಹುದು. ಆದರೆ ಮಧುಮೇಹಕ್ಕೆ ಗುಳಿಗೆಯನ್ನೋ ಇನ್‌ಸುಲಿನ್ನನ್ನೋ ತೆಗೆದುಕೊಳ್ಳುವವರು ತಮ್ಮಷ್ಟಕ್ಕೆ ತಾವೇ ಇಂಥ ಪಥ್ಯ ಹಿಡಿಯುವುದು ಅಪಾಯ. ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಪಥ್ಯವೆಂಬ ಮಾತಿಗೆ ದಾರಿಗೆ ಹಿತವಾದದ್ದು ಎಂದು ಅರ್ಥ. ಹೋಗುವ ದಾರಿ ಯಾವುದೆಂದು ನೋಡಿ ಪಥ್ಯ ಹಿಡಿಯಬೇಕೇ ಹೊರತು, ಪಥ್ಯ ಹಿಡಿದು ದಾರಿ ಹುಡುಕುವುದಲ್ಲ.

ನಮ್ಮ ಕಡೆ ರೊಟ್ಟಿಗೆ ಬಡವರ ಊಟವೆಂಬ ಹೆಸರಿದೆ. ಹಾಲು, ತುಪ್ಪ, ಬದಾಮಿ ಉಳ್ಳವರದು. ಉಳ್ಳವರ ಊಟದಲ್ಲೇ ಬಲವಿರಬೇಕೆಂಬ ನಂಬಿಕೆ ಈ ಕೀಟೋ ಮೋಹದ ಹಿಂದೆಯೂ ಒಂದಿಷ್ಟು ಅಡಗಿದೆ ಎಂದು ನನಗೆ ತೋರುತ್ತದೆ. ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಹುಡುಗ ಸ್ವಂತ ಹೊಲದ ಜೋಳವನ್ನು ಬಿಟ್ಟು ಪೇಟೆಯ ಪನೀರಿಗೆ ದಿನಾಲು ರೊಕ್ಕ ಸುರಿಯುವುದು, ಅದರಿಂದ ಓಟವೂ ಕುಂದುವುದು, ಎರಡೂ ಕಡೆಯ ನಷ್ಟ. ಒಂದು ಭರ್ತಿ ತಪ್ಪಿದರೆ ವಯಸ್ಸಿನ ಮಿತಿ ಮೀರಿ ಮುಂದಿನದಕ್ಕೆ ಅವಕಾಶವೇ ಇಲ್ಲದಾದೀತು. ಇಡೀ ಮನೆ ಆ ಐದಾರು ನಿಮಿಷಗಳ ಓಟದ ಮೇಲೆ ಕಣ್ಣಿಟ್ಟು ಕುಳಿತಿರುತ್ತದೆ.

ಆ ದಿನ ಊಟದ ನಂತರ ಪಡಸಾಲೆಯಲ್ಲಿ ಕುಳಿತು ಈ ಸಂಗತಿಗಳನ್ನೇ ಹುಡುಗನಿಗೆ ಹೇಳಿದೆ. ಫಡೆಪ್ಪ ಚೌಗುಲೆಯವರ ಹೆಸರನ್ನು ಅವನು ಕೇಳಿರಲಿಲ್ಲ. “ನಮ್ಮ ಬೆಳಗಾವಿಯವ್ರಾ?” ಎಂದು ಎರಡು ಸಲ ಕೇಳಿದ. ರೊಟ್ಟಿಯ ವಿಷಯಕ್ಕೆ ಏನೂ ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಸುಗ್ಗಿ ಮುಗಿದ ಮೇಲೆ ಮತ್ತೆ ಆ ಕಡೆ ಹೋಗುವ ಪ್ರಸಂಗ ಬಂದಿತು. ಹೊಸ ಜೋಳದ ರೊಟ್ಟಿ, ಮೇಲೆ ಬೆಣ್ಣೆ. ಹುಡುಗ ನನ್ನ ಪಕ್ಕದಲ್ಲೇ ಕುಳಿತು ಮೂರನೆಯದನ್ನು ಮುರಿಯುತ್ತಿದ್ದ, ತತ್ತಿಗಳೂ ತಾಟಿನಲ್ಲಿದ್ದವು. ಭರ್ತಿಯ ದಿನ ಇನ್ನೂ ಮುಂದಿತ್ತು. ಕಡೆಯ ಸುತ್ತು ಹೇಗೆ ಎಂದು ಕೇಳಿದೆ. “ಈಗ ಏಳತಾವ್ರಿ ಕಾಕಾ,” ಎಂದ. ತಾಯಿ ಮಾತಾಡದೆ ಇನ್ನೊಂದು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದರು.